ಹದಿಮೂರನೇ ಜನ್ಮದ ಲೆಕ್ಕ ತಪ್ಪಿದ್ದಕ್ಕೆ ಉಗ್ರ ಖಂಡನೆ

ಬಿಬಿಸಿಯ ವಿಜ್ಞಾನ ಕಥೆಯ ಟಿವಿ ಸರಣಿ ‘ಡಾಕ್ಟರ್ ಹೂ’ ನೋಡುವವರಲ್ಲಿ ಎರಡು ಪಂಗಡ. ನೋಡಿ ಖುಷಿಪಡುವವರು ಮತ್ತು ಅಭಿಮಾನಿಗಳು. ಮೊದಲಿನವರಿಗೆ ಶನಿವಾರ ಸಂಜೆಯ ಮುಕ್ಕಾಲು ಗಂಟೆ ಸಾಕು. ಎರಡನೆಯವರಿಗೆ ಕಂತು ಮುಗಿದ ಮೇಲೆಯೇ ಕೆಲಸ: ಕಥೆಗಾರ ಎಲ್ಲಿ ಶಾಸ್ತ್ರ ಮೀರಿದ, ಯಾವ ವರ್ಷದ ಯಾವ ಮಾತಿಗೆ ಅಪಚಾರವಾಯಿತು, ಬಿಬಿಸಿ ಯಾರ ಮುಂದೆ ಕೈಮುಗಿದು ನಿಲ್ಲಬೇಕು. 2005ರಲ್ಲಿ ಸರಣಿ ಮತ್ತೆ ಶುರುವಾದ ಮೇಲಂತೂ ಈ ಇಲಾಖೆಗೆ ರಜೆಯೇ ಸಿಕ್ಕಿಲ್ಲ.

ಹೊಸದಾಗಿ ಸೇರುವವರ ಅನುಕೂಲಕ್ಕಾಗಿ ಕೋಪ ಮಾಡಿಕೊಳ್ಳುವ ಕ್ರಮವನ್ನು ತಿಳಿಸುವುದು ಕರ್ತವ್ಯ. ಸಾಮಗ್ರಿ ಹೆಚ್ಚು ಬೇಡ. ನಿಮ್ಮ ಎಂಟು-ಹತ್ತರ ವಯಸ್ಸಿನಲ್ಲಿ ಟಿವಿಯಲ್ಲಿ ಯಾವ ಡಾಕ್ಟರು ಇದ್ದರೋ ಅವರೇ ನಿಜವಾದ ಡಾಕ್ಟರು. ಅವರ ಕಾಲದಲ್ಲಿ ನಡೆದದ್ದೆಲ್ಲ ಸನಾತನ, ಅದಕ್ಕೆ ಹಿಂದಿನದು ಪುರಾಣ, ಈಚಿನದು ಕಲಬೆರಕೆ. ಇಷ್ಟು ಮನಸ್ಸಿನಲ್ಲಿ ಗಟ್ಟಿಯಾದರೆ ಮುಂದಿನದು ಲೆಕ್ಕ ಮಾತ್ರ.

ಲೆಕ್ಕದ ಮೂಲ ಸೂತ್ರ ಹೀಗಿದೆ. ಡಾಕ್ಟರು ಕಾಲದಲ್ಲಿ ಓಡಾಡುವ ಅನ್ಯಗ್ರಹದವರು. ಸಾಯುವ ಹೊತ್ತಿಗೆ ದೇಹ ಬದಲಿಸುತ್ತಾರೆ. ಹಾಗೆ ಬದಲಿಸುವುದು ಹನ್ನೆರಡು ಸಲ, ಅಂದರೆ ಒಟ್ಟು ಹದಿಮೂರು ದೇಹ, ಆಮೇಲೆ ಮುಗಿಯಿತು. ಸರಣಿ ಹುಟ್ಟಿದ 1963ರಿಂದಲೂ ಈ ನಿಯಮ ಇತ್ತೆಂದು ಅಭಿಮಾನಿ ನಂಬಬೇಕು. ಇರಲಿಲ್ಲ ಎಂಬುದನ್ನು ಮರೆಯುವುದೇ ಮೊದಲ ದೀಕ್ಷೆ.

1966ರಲ್ಲಿ ಡಾಕ್ಟರು ಮೊದಲ ಬಾರಿ ಮೈ ಬದಲಿಸಿದ್ದು ಯಾವ ತತ್ತ್ವಕ್ಕೂ ಅಲ್ಲ. ನಾಯಕ ನಟ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೈಕೊಟ್ಟಿತ್ತು, ಕಾರ್ಯಕ್ರಮ ನಿಲ್ಲಿಸಲು ಬಿಬಿಸಿಗೆ ಮನಸ್ಸಿರಲಿಲ್ಲ. ಎರಡನೆಯ ಸಲ, 1969ರಲ್ಲಿ, ಅದನ್ನು ತಪ್ಪಿಗೆ ಕೊಟ್ಟ ಶಿಕ್ಷೆ ಎಂದು ತೋರಿಸಿದರು. ‘ರೀಜನರೇಷನ್’ ಎಂಬ ಹೆಸರು ಬಂದದ್ದು 1974ರಲ್ಲಿ, ಮೂರನೆಯ ಡಾಕ್ಟರು ಹೋಗುವಾಗ. ಇನ್ನು ಆ ಮೊದಲ ರೂಪಾಂತರದ ಕಂತು ನೋಡಿ ಪಾವನರಾಗೋಣ ಎಂದರೆ ಅದರ ಟೇಪನ್ನು ಬಿಬಿಸಿಯೇ ಅಳಿಸಿಹಾಕಿದೆ. ಮುಖ ಬದಲಾಗುವ ಕೆಲವು ಕ್ಷಣಗಳು ಉಳಿದದ್ದು ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮಕ್ಕೆ ಯಾರೋ ಆ ತುಣುಕನ್ನು ಬಳಸಿಕೊಂಡಿದ್ದರಿಂದ. ಅದೇ ಈ ಶಾಸ್ತ್ರದ ಮೂಲ ಓಲೆಗರಿ.

ಹನ್ನೆರಡರ ಮಿತಿ ಬಂದದ್ದು 1976ರ ಕೊನೆಯಲ್ಲಿ, ರಾಬರ್ಟ್ ಹೋಮ್ಸ್ ಬರೆದ ಕಥೆಯೊಂದರಲ್ಲಿ. ಅದೂ ಡಾಕ್ಟರಿಗಾಗಿ ಅಲ್ಲ, ಖಳನಾಯಕನಿಗಾಗಿ. ಆ ಖಳ, ಡಾಕ್ಟರ ಕುಲದವನೇ ಆದ ಮಾಸ್ಟರ್. ಆ ಪಾತ್ರ ಮಾಡುತ್ತಿದ್ದ ರೋಜರ್ ಡೆಲ್ಗಾಡೊ 1973ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು. ಖಳನನ್ನು ಬೇರೆ ಮುಖದಲ್ಲಿ ಮತ್ತೆ ತರಬೇಕು, ಅವನಿಗೆ ಏನಾದರೂ ಅವಸರವಿರಬೇಕು. ಜನ್ಮಗಳ ಕೋಟಾ ಖಾಲಿಯಾಗಿದೆ ಎಂದರೆ ಅವಸರ ತಾನಾಗಿ ಬರುತ್ತದೆ. ಬರೆದವರಿಗೆ ಅದೊಂದು ಕಥೆ ದಾಟಿದರೆ ಸಾಕಿತ್ತು.

ಇಲ್ಲಿ ಒಂದು ಮುಳ್ಳಿದೆ, ಕಾಲಿಗೆ ಚುಚ್ಚದಂತೆ ದಾಟಬೇಕು. ಇದೇ ಹೋಮ್ಸ್ ಕಥಾ ಸಂಪಾದಕರಾಗಿದ್ದಾಗ, ಅದೇ 1976ರ ಜನವರಿಯಲ್ಲಿ, ಇನ್ನೊಂದು ಕಥೆಯಲ್ಲಿ ಹಾರ್ಟ್‌ನೆಲ್ ಮುಖಕ್ಕೂ ಹಿಂದೆ ಎಂಟು ಮುಖಗಳು ಪರದೆಯ ಮೇಲೆ ಬಂದುಹೋಗಿದ್ದವು. ಹಳೆಯ ಕಾಲದ ವೇಷ ತೊಟ್ಟು ನಿಂತಿದ್ದವರು ತೆರೆಯ ಹಿಂದಿನ ಸಿಬ್ಬಂದಿ. ಅದರಲ್ಲಿ ಹೋಮ್ಸ್ ಅವರದೂ ಒಂದು ಮುಖ. ಆ ಎಂಟೂ ಡಾಕ್ಟರೇ ಆದರೆ ಆಗಿದ್ದ ನಾಲ್ಕನೆಯ ಡಾಕ್ಟರು ಟಾಮ್ ಬೇಕರ್ ಹನ್ನೆರಡನೆಯವರಾಗುತ್ತಾರೆ. ವರ್ಷದ ಕೊನೆಗೆ ಬಂದ ನಿಯಮದ ಪ್ರಕಾರ ಅವರಿಗೆ ಉಳಿದದ್ದು ಒಂದೇ ಜನ್ಮ. ಅಭಿಮಾನಿಗಳು ಜನವರಿಯನ್ನು ಕೈಬಿಟ್ಟು ನವೆಂಬರನ್ನು ಎದೆಗೊತ್ತಿಕೊಂಡರು. ಕಾರಣ ಕೇಳಬಾರದು.

ಬೇಡದ್ದಕ್ಕೆ ಕಿವುಡಾಗುವ ವಿದ್ಯೆ 1996ರಲ್ಲಿ ಇನ್ನೂ ಪಕ್ವವಾಯಿತು. ಆ ವರ್ಷದ ಟಿವಿ ಚಿತ್ರದಲ್ಲಿ ಪಾಲ್ ಮೆಕ್‌ಗ್ಯಾನ್ ಅವರ ಡಾಕ್ಟರು ತಾವು ತಾಯಿಯ ಕಡೆಯಿಂದ ಅರ್ಧ ಮನುಷ್ಯ ಎಂದು ಹೇಳಿಬಿಟ್ಟರು. ಮೆಕ್‌ಗ್ಯಾನ್ ಎಂಟನೆಯ ಡಾಕ್ಟರೆಂದು ಎಲ್ಲರೂ ಒಪ್ಪುತ್ತಾರೆ, ಆ ಮಾತನ್ನು ಮಾತ್ರ ಯಾರೂ ಕೇಳಿಸಿಕೊಂಡಿಲ್ಲ.

ಲೆಕ್ಕ ನಿಜಕ್ಕೂ ಕೆಟ್ಟದ್ದು 2013ರಲ್ಲಿ. ಐವತ್ತನೇ ವರ್ಷದ ವಿಶೇಷ ಕಂತಿಗೆ ಒಂಬತ್ತನೆಯ ಡಾಕ್ಟರು ಕ್ರಿಸ್ಟೋಫರ್ ಎಕ್ಲ್‌ಸ್ಟನ್ ಬರಲೊಪ್ಪಲಿಲ್ಲ. ಆಗ ಸರಣಿ ನಡೆಸುತ್ತಿದ್ದ ಸ್ಟೀವನ್ ಮೊಫಾಟ್, ಎಕ್ಲ್‌ಸ್ಟನ್ ಜಾಗಕ್ಕೆ ಜಾನ್ ಹರ್ಟ್ ಅವರನ್ನು ತಂದು, ಎಂಟಕ್ಕೂ ಒಂಬತ್ತಕ್ಕೂ ನಡುವೆ ಯಾರಿಗೂ ಗೊತ್ತಿರದ ಡಾಕ್ಟರೊಬ್ಬರು ಇದ್ದರೆಂದರು. ಈಗ ಬೆರಳು ಮಡಚಿ. ಮೆಕ್‌ಗ್ಯಾನ್‌ವರೆಗೆ ಎಂಟು. ಹರ್ಟ್ ಒಂಬತ್ತು. ಎಕ್ಲ್‌ಸ್ಟನ್ ಹತ್ತು. ಡೇವಿಡ್ ಟೆನ್ನಂಟ್ ಹನ್ನೊಂದು. 2008ರಲ್ಲಿ ಟೆನ್ನಂಟ್ ದೇಹ ಬದಲಿಸಲು ಶುರುಮಾಡಿ, ಉಳಿದ ಶಕ್ತಿಯನ್ನು ತಮ್ಮದೇ ತುಂಡಾದ ಕೈಗೆ ಸುರಿದು ಅದೇ ಮುಖದಲ್ಲಿ ಉಳಿದಿದ್ದರಲ್ಲ, ಅದೂ ಒಂದು ಸಲವೇ, ಹನ್ನೆರಡು. ಮ್ಯಾಟ್ ಸ್ಮಿತ್ ಹದಿಮೂರು. ಖಾತೆ ಶೂನ್ಯ. ಒಬ್ಬ ನಟ ಬರುವುದಿಲ್ಲ ಎಂದದ್ದಕ್ಕೆ ಡಾಕ್ಟರ ಆಯುಸ್ಸು ಒಂದು ಜನ್ಮ ಕಡಿಮೆಯಾಯಿತು.

ಆ ಕ್ರಿಸ್‌ಮಸ್ ದಿನದ ಕಂತಿನಲ್ಲಿ ಆಕಾಶದ ಬಿರುಕಿನಿಂದ ಬೆಳಕು ಹರಿದು ಬಂದು ಡಾಕ್ಟರಿಗೆ ಹೊಸ ಕಂತೆ ಜನ್ಮ ಸಿಕ್ಕಿತು. ಮೋಸ ಎಂದು ಕೂಗುವ ಮೊದಲು, 1983ರಲ್ಲೇ ಮಾಸ್ಟರನಿಗೆ ಇಂಥದೇ ಕಂತೆ ಕೊಡುತ್ತೇವೆಂದು ಆಸೆ ತೋರಿಸಿದ್ದನ್ನು ನೆನಪಿಡಿ. 2010ರಲ್ಲಿ ಇದರದೇ ಕವಲಾದ ಮಕ್ಕಳ ಸರಣಿಯಲ್ಲಿ ಡಾಕ್ಟರು 507 ಸಲ ಮೈ ಬದಲಿಸಬಲ್ಲೆ ಎಂದದ್ದೂ ಇದೆ. ಬರೆದ ರಸೆಲ್ ಟಿ. ಡೇವಿಸ್ ತಮಾಷೆಗೆ ಹಾಕಿದ್ದು ಎಂದರು. ಅಭಿಮಾನಿಗಳ ಪೈಕಿ ತಮಾಷೆ ಅರ್ಥವಾದವರು ಅದನ್ನು ಇನ್ನೂ ಗಂಭೀರವಾಗಿ ಚರ್ಚಿಸುತ್ತಿದ್ದಾರೆ.

2020ರ ಮಾರ್ಚ್ 1ಕ್ಕೆ ಆಕಾಶ ಕಳಚಿ ಬಿತ್ತು. ಕ್ರಿಸ್ ಚಿಬ್ನಾಲ್ ಬರೆದ ಕಂತಿನ ಪ್ರಕಾರ ಡಾಕ್ಟರು ಎಲ್ಲಿಂದಲೋ ಬಂದ ಅನಾಥ ಮಗು, ಅವರ ಜನ್ಮಗಳಿಗೆ ಮಿತಿಯಿಲ್ಲ. ಡಾಕ್ಟರ ಕುಲದವರೆಂದುಕೊಂಡಿದ್ದ ಉಳಿದವರು ಆ ಮಗುವಿನಿಂದ ವಿದ್ಯೆ ಕದ್ದು, ತಮಗೆ ಹನ್ನೆರಡರ ಮಿತಿ ಹಾಕಿಕೊಂಡವರು. 1976ರ ಜನವರಿಯ ಆ ಎಂಟು ಮುಖಗಳೂ ಕಂತಿನಲ್ಲಿ ಮತ್ತೆ ಮಿಂಚಿದವು. ನಲವತ್ತನಾಲ್ಕು ವರ್ಷ ಹೊಂದದೆ ಉಳಿದಿದ್ದ ತಾಳೆ ಕೊನೆಗೂ ಕೂಡಿಬಂತು. ತಾಳೆ ಕೂಡಲಿಲ್ಲವೆಂದು ಅಷ್ಟು ಕಾಲ ಗೊಣಗಿದವರೇ ಅಂದು ರಾತ್ರಿ ಅತಿ ಹೆಚ್ಚು ಬೈದರು. ಹಾಗೆ ನೋಡಿದರೆ ಆ ಕಂತಿನ ನಿಜವಾದ ದೋಷ ಬೇರೆ: ಇಷ್ಟು ದೊಡ್ಡ ಸಂಗತಿಯನ್ನು ಮಾಸ್ಟರ್, ಆಗ ಹೆಣ್ಣಾಗಿದ್ದ ಡಾಕ್ಟರನ್ನು ನಿಲ್ಲಿಸಿಕೊಂಡು ಪಾಠದಂತೆ ಒಪ್ಪಿಸುತ್ತಾನೆ, ಆಕೆ ಕೇಳಿಸಿಕೊಳ್ಳುತ್ತಾಳೆ. ನಾಟಕವೇ ಇಲ್ಲ. ಆದರೆ ಅದು ಕಥೆ ಹೇಳುವ ಕ್ರಮದ ಮಾತಾಯಿತು, ಶಾಸ್ತ್ರದ ಮಾತಲ್ಲ. ಹಾಗಾಗಿ ಅದರ ಬಗ್ಗೆ ಕೋಪ ನಿಷಿದ್ಧ.

ಜನ್ಮದ ಲೆಕ್ಕ ಬೇಸರವಾದರೆ ತೇದಿಯ ಲೆಕ್ಕಕ್ಕೆ ಇಳಿಯಬಹುದು. ಡಾಕ್ಟರು ಭೂಮಿಯಲ್ಲಿ ಯುನಿಟ್ ಎಂಬ ಸೇನಾ ಪಡೆಯ ಜೊತೆ ಕೆಲಸ ಮಾಡಿದ್ದು ಯಾವ ದಶಕದಲ್ಲಿ? 1975ರ ಕಥೆಯಲ್ಲಿ ಡಾಕ್ಟರ ಜೊತೆಗಾತಿ ಸಾರಾ ಜೇನ್ ತಾನು 1980ರವಳು ಎನ್ನುತ್ತಾಳೆ. 1983ರ ಕಥೆಯ ಪ್ರಕಾರ ಪಡೆಯ ಬ್ರಿಗೇಡಿಯರ್ 1976ಕ್ಕೇ ನಿವೃತ್ತ. ಆ ಕಥೆಗೆ ಮೊದಲು ಯೋಚಿಸಿದ್ದದ್ದು ಬೇರೊಂದು ಹಳೆಯ ಪಾತ್ರವನ್ನು. ಅದು ಆಗದೆ ಬ್ರಿಗೇಡಿಯರ್ ಶಾಲೆಯಲ್ಲಿ ಲೆಕ್ಕದ ಮೇಷ್ಟರಾಗಬೇಕಾಯಿತು, ಲೆಕ್ಕ ತಪ್ಪಿಸಿದವರೂ ಅವರೇ ಆದರು. ಅಲ್ಲಿಂದ ಸ್ಮಾರ್ತ ಏಕಾದಶಿ, ವೈಷ್ಣವ ಏಕಾದಶಿಯಂತೆ ಎರಡು ಪಂಥ, ಇಬ್ಬರ ಉಪವಾಸವೂ ಬೇರೆ ಬೇರೆ ದಿನ. 2008ರಲ್ಲಿ ಡಾಕ್ಟರ ಬಾಯಲ್ಲೇ ಎಪ್ಪತ್ತರ ದಶಕವೋ ಎಂಬತ್ತರದೋ ಎಂದು ಹೇಳಿಸಿದರು. 2013ರಲ್ಲಿ ಬ್ರಿಗೇಡಿಯರ್ ಮಗಳು ಕೇಟ್ ಕಡತ ಕೇಳುವಾಗ, ದಶಕ ಯಾವುದೆಂಬುದು ತೇದಿ ಹಾಕುವ ಪದ್ಧತಿಯ ಮೇಲೆ ನಿಂತಿದೆ ಎಂದಳು. ಎರಡೂ ಪಂಥಗಳು ಅದನ್ನು ತಮ್ಮ ಪರವಾದ ಸಾಕ್ಷ್ಯವೆಂದು ದಾಖಲಿಸಿಕೊಂಡಿವೆ.

ಈಚಿನ ಸೇರ್ಪಡೆಗಳಿಗೆ ಇನ್ನೂ ಕಾಲಂ ಸಿದ್ಧವಾಗಿಲ್ಲ. 2023ರ ಡಿಸೆಂಬರ್‌ನಲ್ಲಿ, ಮತ್ತೆ ಡಾಕ್ಟರಾಗಿ ಬಂದಿದ್ದ ಟೆನ್ನಂಟ್ ದೇಹ ಬದಲಿಸುವ ಬದಲು ಎರಡಾಗಿ ಸೀಳಿ, ಪಕ್ಕದಲ್ಲಿ ನ್ಚುಟಿ ಗಾಟ್ವಾ ನಿಂತರು. ಇದು ಒಂದು ಸಲವೋ, ಅರ್ಧವೋ ಎಂಬುದು ವಿಚಾರಣೆಯಲ್ಲಿದೆ. 2025ರ ಮೇ 31ರಂದು ಗಾಟ್ವಾ ಹೋಗಿ ಬಿಲ್ಲಿ ಪೈಪರ್ ಮುಖ ಬಂತು. ಕೊನೆಯ ಹೆಸರುಪಟ್ಟಿಯಲ್ಲಿ ಪೈಪರ್ ಹೆಸರಿತ್ತು, ‘ಡಾಕ್ಟರ್ ಪಾತ್ರದಲ್ಲಿ’ ಎಂಬುದು ಇರಲಿಲ್ಲ. ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುವುದು ಕ್ಷೇಮ.

ಇಷ್ಟೆಲ್ಲ ಕೋಪದಿಂದ ಏನು ಗಿಟ್ಟುತ್ತದೆ ಎನ್ನುವವರಿಗೆ ಉತ್ತರ: ಉದ್ಯೋಗ. 2005ರಿಂದ ಸರಣಿ ನಡೆಸಿದ ಡೇವಿಸ್, ಮೊಫಾಟ್, ಚಿಬ್ನಾಲ್ ಮೂವರೂ ಚಿಕ್ಕಂದಿನಿಂದ ಅಭಿಮಾನಿಗಳೇ. 1986ರಲ್ಲಿ ಬಿಬಿಸಿಯ ‘ಓಪನ್ ಏರ್’ ಕಾರ್ಯಕ್ರಮದಲ್ಲಿ ಅಭಿಮಾನಿ ಸಂಘದ ಹುಡುಗನೊಬ್ಬ, ಆ ವರ್ಷದ ಕೆಲವು ಕಂತುಗಳನ್ನು ಬರೆದ ಪಿಪ್ ಮತ್ತು ಜೇನ್ ಬೇಕರ್ ದಂಪತಿಗೆ, ಬರವಣಿಗೆ ಸವಕಲಾಗಿದೆ ಎಂದು ಮುಖದ ಮೇಲೆ ಹೇಳಿದ್ದ. ಹುಡುಗನ ಹೆಸರು ಕ್ರಿಸ್ ಚಿಬ್ನಾಲ್. 2020ರಲ್ಲಿ ಆ ತುಣುಕನ್ನು ಹುಡುಕಿ ತೆಗೆದು ಅವರ ಮುಂದೆಯೇ ಹಿಡಿದವರು ಕಡಿಮೆಯಿಲ್ಲ. ಈಗ ಖಂಡಿಸುತ್ತಿರುವ ಹದಿನಾರರ ಹುಡುಗ ಹುಡುಗಿಯರು ಸ್ವಲ್ಪ ನೋಡಿಕೊಂಡು ಮಾತಾಡಲಿ. ಬಿಬಿಸಿಯವರು ಟೇಪು ಅಳಿಸುವುದನ್ನು ಬಿಟ್ಟು ಬಹಳ ಕಾಲವಾಗಿದೆ.