ಬಣ್ಣ ಕೇಳಿದರೆ ಜಾಗವಿಲ್ಲ, ಜಾಗ ಕೇಳಿದರೆ ಬಣ್ಣವಿಲ್ಲ

ನಿನ್ನೆ ರಾತ್ರಿ ನನ್ನ ಹಳೆಯ ಕಂಪ್ಯೂಟರ್ ಬಿಬಿಸಿ ಮೈಕ್ರೋ ಮತ್ತೊಮ್ಮೆ ‘ಬ್ಯಾಡ್ ಮೋಡ್’ ಎಂದು ತೋರಿಸಿ ನಿಂತುಬಿಟ್ಟಾಗ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ನಾನು ಮಾಡಿದ ಅಪರಾಧವಾದರೂ ಏನು? ಪರದೆಯ ಮೋಡ್ (ಎಷ್ಟು ಚುಕ್ಕೆ, ಎಷ್ಟು ಬಣ್ಣ ಎಂಬ ಏರ್ಪಾಡು) ಬದಲಿಸುವ ಒಂದೇ ಒಂದು ಆದೇಶವನ್ನು ಪ್ರೊಸೀಜರ್ ಒಳಗೆ, ಅಂದರೆ ಪ್ರೋಗ್ರಾಂನ ಹೆಸರಿಟ್ಟ ಒಂದು ಉಪಭಾಗದೊಳಗೆ, ಬರೆದಿದ್ದೆ. ಪರದೆಯ ಸ್ಮರಣೆಗೆ ಅಂಟಿಕೊಂಡಂತೆ ಅದರ ಕೆಳಗೇ ಪ್ರೋಗ್ರಾಂ ಭಾಷೆಯಾದ ಬೇಸಿಕ್ ತನ್ನ ಸ್ಟ್ಯಾಕ್ (ತಾತ್ಕಾಲಿಕ ಮಾಹಿತಿಯ ಅಟ್ಟಿ) ಇಟ್ಟುಕೊಳ್ಳುವುದರಿಂದ ಅಲ್ಲಿ ಮೋಡ್ ಬದಲಿಸುವಂತಿಲ್ಲವಂತೆ!

ನನ್ನ ಈ ಮಾಡೆಲ್ ಬಿ ಯಂತ್ರದಲ್ಲಿ ಇರುವ ಸ್ಮರಣೆಯೇ 32 ಕಿಲೋಬೈಟ್. ಅದರಲ್ಲಿ 640x256 ಚುಕ್ಕೆಗಳ ಮೋಡ್ 0, ಬರೀ ಎರಡು ಬಣ್ಣ ತೋರಿಸಲು 20 ಕಿಲೋಬೈಟ್ ನುಂಗುತ್ತದೆ. ಬಣ್ಣದ ಆಸೆಗೆ ಮೋಡ್ 2ಕ್ಕೆ ಹೋದರೆ ಅಡ್ಡಲಾಗಿ ಉಳಿಯುವುದು 160 ಚುಕ್ಕೆ, ಸಾಲಿಗೆ 20 ಅಕ್ಷರ. ನುಂಗುವುದು ಮಾತ್ರ ಅದೇ 20 ಕಿಲೋಬೈಟ್. ಡಿಸ್ಕ್ ಡ್ರೈವ್ ಜೋಡಿಸಿದ ನನ್ನ ಯಂತ್ರದಲ್ಲಿ, ಯಂತ್ರದ ಮತ್ತು ಡ್ರೈವ್‌ನ ಸ್ವಂತ ಬಳಕೆಯೂ ಕಳೆದು, ಪ್ರೋಗ್ರಾಂ, ಚರಾಂಶಗಳು, ಸ್ಟ್ಯಾಕ್ ಎಲ್ಲಕ್ಕೂ ಸೇರಿ ಉಳಿಯುವುದು 5,888 ಬೈಟ್. ಇಷ್ಟರಲ್ಲಿ ಚಿತ್ರ ಬರೆಯುವುದೋ, ಜಾಗಕ್ಕಾಗಿ ಪ್ರೋಗ್ರಾಂನ ಟಿಪ್ಪಣಿಯ ಸಾಲುಗಳನ್ನು ಒಂದೊಂದಾಗಿ ಅಳಿಸುತ್ತ ಕೂರುವುದೋ?

ಮೋಡ್ 7ಕ್ಕೆ 1 ಕಿಲೋಬೈಟ್ ಸಾಕು, ನಿಜ. ಆದರೆ ಅಲ್ಲಿ ಒಂದು ಗೆರೆ ಎಳೆಯಲೂ ಆದೇಶ ಕೆಲಸ ಮಾಡುವುದಿಲ್ಲ.

ಇವೆಲ್ಲದರ ಮೇಲೆ ಆ ಅಳತೆಯ ಲೆಕ್ಕ ಬೇರೆ. ಗ್ರಾಫಿಕ್ಸ್ ಇರುವ ಯಾವ ಮೋಡ್‌ನಲ್ಲಿದ್ದರೂ ನಿರ್ದೇಶಾಂಕಗಳು 1280x1024. ಮೋಡ್ 2ರಲ್ಲಿ ಒಂದು ಚುಕ್ಕೆ ಬಲಕ್ಕೆ ಸರಿಯಬೇಕಾದರೆ ಎಂಟು ಕೂಡಿಸಬೇಕು, ಮೇಲಕ್ಕೆ ಸರಿಯಬೇಕಾದರೆ ನಾಲ್ಕು. ಅರ್ಧ ಗಂಟೆ ಒಂದೊಂದೇ ಕೂಡಿಸುತ್ತ, ಕದಲದ ಚುಕ್ಕೆಯನ್ನು ನೋಡುತ್ತ ಕುಳಿತವರಿಗೇ ಆ ಸಂಕಟ ಗೊತ್ತು. ಕೊನೆಗೆ ಬೇಸತ್ತು ಮೋಡ್ ಬದಲಿಸಿದರೆ, ಅಷ್ಟು ಹೊತ್ತು ಬರೆದ ಚಿತ್ರವೂ ಒಂದೇ ಏಟಿಗೆ ಅಳಿಸಿಹೋಗುತ್ತದೆ.