ಗ್ಯಾರೇಜಿನ ಮೂಲೆಯ ಕಪ್ಪು ಡ್ರಮ್

ಮೊನ್ನೆ ಬೈಕ್ ಸರ್ವಿಸ್‌ಗೆ ಬಿಟ್ಟು ಅಲ್ಲೇ ಕುಳಿತಿದ್ದೆ. ಮೆಕ್ಯಾನಿಕ್ ಎಂಜಿನ್ನಿನ ಕೆಳಗೆ ಹಳೆಯ ಬೋಗುಣಿಯೊಂದನ್ನು ಇಟ್ಟು ಬೋಲ್ಟ್ ತಿರುಗಿಸಿದರು. ಕಾಡಿಗೆಯಂತೆ ಕಪ್ಪಾದ ಆಯಿಲ್ ಬಿಸಿಬಿಸಿಯಾಗಿ ಇಳಿಯಿತು. ಕೊನೆಯ ಹನಿಯವರೆಗೂ ಕಾದು, ಅದನ್ನು ಮೂಲೆಯಲ್ಲಿದ್ದ ಇನ್ನೂರು ಲೀಟರಿನ ಡ್ರಮ್ಮಿಗೆ ಬಗ್ಗಿಸಿದರು. ನೆಲಕ್ಕೆ ಒಂದು ಹನಿಯೂ ಬೀಳಲಿಲ್ಲ.

"ಇದನ್ನು ಯಾರು ಒಯ್ಯುತ್ತಾರಣ್ಣ?" ಎಂದೆ.

"ಹೆಚ್ಚು ಕೊಟ್ಟವರು ಸರ್. ಸೆಂಟ್ರಿಂಗ್ ಹಲಗೆಗೆ ಬಳಿಯಲು ಕೆಲವರು ಕ್ಯಾನ್ ತರುತ್ತಾರೆ. ಉಳಿದದ್ದು ಆಟೋದಲ್ಲಿ ಬರುವವನಿಗೆ."

ಅವರನ್ನು ದೂರಲು ನನಗೆ ಬಾಯಿ ಬರಲಿಲ್ಲ. ದಿನಕ್ಕೆ ಏಳೆಂಟು ಬೈಕ್ ಮಾಡಿ ತಿಂಗಳಿಗೊಂದು ಡ್ರಮ್ ತುಂಬಿಸುವವರಿಗೆ ಲೀಟರಿಗೆ ಎರಡು ರೂಪಾಯಿ ಹೆಚ್ಚು ಸಿಕ್ಕರೂ ಅದು ದೊಡ್ಡದೇ.

ಎಂಜಿನ್ನಿನಲ್ಲಿ ಓಡಿದ ಆಯಿಲ್ ಸತ್ತುಹೋಯಿತೆಂದು ಬಹಳ ಜನ ತಿಳಿದಿದ್ದಾರೆ. ಅದು ಕೊಳೆಯಾಗಿರುತ್ತದೆ, ಅಷ್ಟೇ. ಮಸಿ, ನೀರು, ಪೆಟ್ರೋಲಿನ ಅಂಶ, ಲೋಹದ ಪುಡಿ ಸೇರಿರುತ್ತವೆ. ಬೆರೆಸಿದ್ದ ರಾಸಾಯನಿಕಗಳು ಸತ್ವ ಕಳೆದುಕೊಂಡಿರುತ್ತವೆ. ಮೂಲ ಎಣ್ಣೆ, ಅಂದರೆ ಬೇಸ್ ಆಯಿಲ್, ಬಹುಪಾಲು ಕೆಡದೆಯೇ ಉಳಿದಿರುತ್ತದೆ. ನೀರು ತೆಗೆದು, ನಿರ್ವಾತದಲ್ಲಿ ಬಟ್ಟಿ ಇಳಿಸಿ, ಹೈಡ್ರೋಜನ್ ಹಾಯಿಸಿ ಶುದ್ಧ ಮಾಡಿದರೆ ಆ ಬೇಸ್ ಆಯಿಲ್ ಮತ್ತೆ ಕೈಗೆ ಬರುತ್ತದೆ.

ಇಷ್ಟಕ್ಕೆ ದೊಡ್ಡ ಬಂಡವಾಳ ಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಪ್ರತಿ ಲೋಡಿಗೂ ದಾಖಲೆ, ತಳದಲ್ಲಿ ಉಳಿಯುವ ಗಸಿಯ ವಿಲೇವಾರಿ, ಮೇಲೆ ಜಿಎಸ್‌ಟಿ. ಇದೇ ಹಳೆಯ ಆಯಿಲನ್ನು ಉರುವಲಾಗಿ ಕುಲುಮೆಗೆ ಸುರಿದು ಸುಡುವವನಿಗೆ ಇದರಲ್ಲಿ ಯಾವ ಖರ್ಚೂ ಇಲ್ಲ. ಕುಲುಮೆಗೆಂದೇ ಮಾರುವ ಫರ್ನೇಸ್ ಆಯಿಲಿಗಿಂತ ಅಗ್ಗಕ್ಕೆ ಸಿಕ್ಕರೆ ಸಾಕು, ಅವನು ಶುದ್ಧೀಕರಣ ಘಟಕಕ್ಕಿಂತ ಹೆಚ್ಚು ಕೊಟ್ಟೂ ಲಾಭದಲ್ಲಿರುತ್ತಾನೆ. ಆಯಿಲ್‌ನಲ್ಲಿದ್ದ ಸತು, ಸೀಸಗಳು ಹೊಗೆಯೊಡನೆ ಸುತ್ತಲಿನ ಊರಿನವರ ಶ್ವಾಸಕೋಶ ಸೇರುತ್ತವೆ. ಕಚ್ಚಾತೈಲದ ಬೆಲೆ ಕುಸಿದಾಗಲಂತೂ ನಿಯಮ ಪಾಲಿಸುವ ಘಟಕದ ಪಾಡು ಹೇಳತೀರದು: ಹೊಸ ಬೇಸ್ ಆಯಿಲ್ ಅಗ್ಗವಾಗುತ್ತದೆ, ಇವರ ಖರ್ಚು ಮಾತ್ರ ಇಳಿಯುವುದಿಲ್ಲ.

ಹಳೆಯದನ್ನು ಸೋಸಿ, ತಿಳಿ ಮಾಡಿ, ಕಂಪನಿಯ ಖಾಲಿ ಡಬ್ಬಿಗೆ ತುಂಬಿ ಮಾರುವವರೂ ಇದ್ದಾರೆ. ದಯವಿಟ್ಟು ಖಾಲಿ ಡಬ್ಬಿಗೆ ತೂತು ಹಾಕಿಸಿಯೇ ಬನ್ನಿ.

2024ರ ಏಪ್ರಿಲ್ 1ರಿಂದ ಹೊಸ ನಿಯಮ ಜಾರಿಯಲ್ಲಿದೆ. ಆಯಿಲ್ ಮಾರುವ ಕಂಪನಿಗಳು, ಇಷ್ಟು ಹಳೆಯ ಆಯಿಲ್ ಮರುಬಳಕೆಯಾಗಿದೆ ಎಂಬ ಪ್ರಮಾಣಪತ್ರವನ್ನು ನೋಂದಾಯಿತ ಮರುಬಳಕೆ ಘಟಕಗಳಿಂದ ಕೊಳ್ಳಬೇಕು. ಮೊದಲ ವರ್ಷದ ಗುರಿ ಮಾರಿದ ಆಯಿಲಿನ ಶೇ 5 ಇತ್ತು, ಆಮೇಲೆ ಏರುತ್ತದೆ. ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಸುಡುವವನ ಬೆಲೆಗೆ ಸರಿಗಟ್ಟುವ ದುಡ್ಡು ಘಟಕಗಳಿಗೆ ಹುಟ್ಟುವುದು ಇಲ್ಲೇ. ಆದರೆ ಆ ದುಡ್ಡಿನಲ್ಲಿ ಲೀಟರಿಗೆ ಎರಡು ರೂಪಾಯಿಯಾದರೂ ಗ್ಯಾರೇಜಿನ ಡ್ರಮ್ಮಿನವರೆಗೆ ಇಳಿದು ಬರಬೇಕು. ಸಂಗ್ರಹಿಸುವವರಿಗೂ ನೋಂದಣಿಯ ಅವಕಾಶವಿದೆ. ಅಂಥವರು ಬೀದಿ ಬೀದಿಗೆ ಬಂದು ರಸೀದಿ ಕೊಟ್ಟು ಒಯ್ಯಬೇಕು.

ನಮ್ಮ ಮೆಕ್ಯಾನಿಕ್‌ಗೆ ಈ ನಿಯಮದ ಬಗ್ಗೆ ಹೇಳಿದೆ. ಕೈ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿಸಿಕೊಂಡರು. "ಅವರನ್ನು ಕಳಿಸಿಕೊಡಿ ಸರ್, ಅವರಿಗೇ ಕೊಡುತ್ತೇನೆ" ಎಂದರು. ಯಾರನ್ನು ಕಳಿಸಲಿ ಎಂದು ಇನ್ನೂ ಹುಡುಕುತ್ತಿದ್ದೇನೆ.