ತಗ್ಗಿದ ಕಾರಿಗೆ ಬಗ್ಗದ ಬುಷ್

ಗಿಡ್ಡ ಸ್ಪ್ರಿಂಗ್ ಹಾಕಿ ಕಾರು ತಗ್ಗಿಸುವ ಖರ್ಚಿನ ಪಟ್ಟಿಯಲ್ಲಿ ಬುಷ್ ಎಂಬ ರಬ್ಬರ್ ಕೀಲಿನ ಹೆಸರು ಎಂದೂ ಇರುವುದಿಲ್ಲ. ಲೋವರಿಂಗ್ ಸ್ಪ್ರಿಂಗ್ ಇರುತ್ತದೆ, ಅಲಾಯ್ ವೀಲ್ ಇರುತ್ತದೆ, ಹಿಂದಿನ ಗಾಜಿನ ಸ್ಟಿಕ್ಕರ್‌ಗೂ ಒಂದು ಸಾಲು ಇರುತ್ತದೆ. ಬುಷ್ ನೆನಪಾಗುವುದು ಹಂಪ್ ದಾಟುವಾಗ ಹಿಂದಿನಿಂದ ‘ಟಕ್’ ಎಂದ ಮೇಲೆ. ಆಗಲೂ ಮೊದಲ ಅನುಮಾನ ಡಿಕ್ಕಿಯಲ್ಲಿರುವ ಜಾಕಿಯ ಮೇಲೆ, ಎರಡನೆಯದು ಸ್ಟೆಪ್ನಿಯ ಮೇಲೆ, ಮೂರನೆಯದು ಅತ್ತೆಯವರ ಟಿಫಿನ್ ಕ್ಯಾರಿಯರ್ ಮೇಲೆ. ಎಲ್ಲವನ್ನೂ, ಕೊನೆಗೆ ಅತ್ತೆಯವರನ್ನೂ ಇಳಿಸಿ ನೋಡಿದರೂ ಟಕ್ ನಿಲ್ಲದಿದ್ದಾಗ ಯಾರೋ ಒಬ್ಬರು ಬಗ್ಗಿ ಕೆಳಗೆ ಇಣುಕುತ್ತಾರೆ.

ತಪ್ಪೆಲ್ಲ ಹಂಪ್‌ನದು ಎನ್ನುವವರಿದ್ದಾರೆ. ಅದೂ ಪೂರ್ತಿ ಸುಳ್ಳಲ್ಲ. ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, 25 ಕಿ.ಮೀ. ವೇಗದಲ್ಲಿ ದಾಟುವಂತಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಐಆರ್‌ಸಿ 99 ಹೇಳುತ್ತದೆ. ನಮ್ಮ ಬಡಾವಣೆಗಳಲ್ಲಿ ಹಂಪ್ ಹಾಕಿದವರು ಎತ್ತರದ ಸಾಲು ಓದಿದ್ದಾರೆ, ಅಗಲದ ಸಾಲಿಗೆ ಬರುವಷ್ಟರಲ್ಲಿ ಟಾರು ಮುಗಿದಿದೆ. ಆದರೂ ಹೊಸ ಬುಷ್ ಹಾಕಿದ ಕೆಲವೇ ತಿಂಗಳಲ್ಲಿ ಹರಿದರೆ ಹಂಪ್‌ಗೆ ಬೈಯುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಬೋಲ್ಟ್ ಬಿಗಿದಾಗ ಕಾರು ಎಲ್ಲಿತ್ತು, ನೆಲದಲ್ಲೋ ಗಾಳಿಯಲ್ಲೋ?

ಸ್ವಿಫ್ಟ್, ಪೋಲೋ ಥರದ ಕಾರುಗಳಲ್ಲಿ ಹಿಂದಿನ ಎರಡು ಚಕ್ರಕ್ಕೂ ಸೇರಿ ಒಂದೇ ಅಡ್ಡ ತೊಲೆ, ಅದೇ ಬೀಮ್. ಅದರ ಮುಂತುದಿಗಳು ಎಡಕ್ಕೊಂದು, ಬಲಕ್ಕೊಂದು ಬುಷ್ ಮೂಲಕ ಕಾರಿನ ಬಾಡಿಯನ್ನು ಸೇರುತ್ತವೆ. ಬುಷ್ ಎಂದರೆ ಹೊರಗೊಂದು ಗಟ್ಟಿ ಕವಚ, ಒಳಗೆ ಬೋಲ್ಟ್ ತೂರುವ ಕೊಳವೆ, ನಡುವೆ ಎರಡಕ್ಕೂ ಬೆಸೆದ ರಬ್ಬರ್. ಇದು ಬೇರಿಂಗ್ ಅಲ್ಲ. ಬೋಲ್ಟ್ ಬಿಗಿದೊಡನೆ ಕೊಳವೆ ಬ್ರಾಕೆಟ್ಟಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಚಕ್ರ ಮೇಲೆ ಕೆಳಗೆ ಆಡಿದಷ್ಟೂ ತಿರುಚಿಕೊಳ್ಳುವುದು ರಬ್ಬರ್ ಮಾತ್ರ. ಚಕ್ರ ಗಾಳಿಯಲ್ಲಿ ಜೋತಾಡುವಾಗ ಬಿಗಿದರೆ, ಕಾರು ಇಳಿದು ಮನೆ ಮುಂದೆ ಸುಮ್ಮನೆ ನಿಂತಿರುವಾಗಲೂ ರಬ್ಬರ್ ಹಿಂಡಿದ ಒದ್ದೆ ಪಂಚೆಯಂತೆ ಇರುತ್ತದೆ. ಅದರ ಮೇಲೆ ಹಂಪ್ ಬಂದರೆ ಇನ್ನೊಂದು ಸುತ್ತು.

ತಗ್ಗಿಸಿದ ಕಾರಿನಲ್ಲಿ ಇದು ಯಾಕೆ ಹೆಚ್ಚು ಕಾಡುತ್ತದೆ ಎಂಬುದಕ್ಕೆ ಲೆಕ್ಕವೇ ಇದೆ. ಬುಷ್‌ನಿಂದ ಚಕ್ರದ ನಡುವಿಗೆ 400 ಮಿ.ಮೀ. ದೂರ, ಜಾಕಿಯಲ್ಲಿ ಎತ್ತಿದಾಗ ಚಕ್ರ 80 ಮಿ.ಮೀ. ಕೆಳಗೆ ಜೋಲುತ್ತದೆ ಎಂದಿಟ್ಟುಕೊಳ್ಳಿ. ಗಾಳಿಯಲ್ಲಿ ಬಿಗಿದ ತಪ್ಪಿಗೆ ರಬ್ಬರ್ ಸುಮಾರು 11.5 ಡಿಗ್ರಿ ತಿರುಚಿಕೊಳ್ಳುತ್ತದೆ. ಅದೇ ಕಾರನ್ನು 40 ಮಿ.ಮೀ. ತಗ್ಗಿಸಿ, ಹಳೆಯ ಶಾಕ್ ಅಬ್ಸಾರ್ಬರ್ ಉಳಿಸಿಕೊಂಡರೆ, ಚಕ್ರ ಜೋಲುವ ಜಾಗ ಬದಲಾಗುವುದಿಲ್ಲ, ನಿಲ್ಲುವ ಜಾಗ ಮಾತ್ರ 40 ಮಿ.ಮೀ. ದೂರ ಸರಿಯುತ್ತದೆ. ಈಗ ತಿರುಚು ಸುಮಾರು 17.3 ಡಿಗ್ರಿ. ಬುಷ್ ಮುಟ್ಟದೆ ಬರೀ ಸ್ಪ್ರಿಂಗ್ ಬದಲಿಸಿದರೂ ಕಂಪನಿಯವರು ಹಳೆಯ ಎತ್ತರಕ್ಕೆ ಬಿಗಿದ ರಬ್ಬರ್ 5.7 ಡಿಗ್ರಿ ತಿರುಚಿಕೊಂಡೇ ನಿಲ್ಲುತ್ತದೆ. ಹಾಗಾಗಿ ಸ್ಪ್ರಿಂಗ್ ಹಾಕಿದ ದಿನವೇ ಬುಷ್ ಬೋಲ್ಟ್ ಸಡಿಲಿಸಿ, ಹೊಸ ಎತ್ತರದಲ್ಲಿ ಮತ್ತೆ ಬಿಗಿಯಬೇಕು. ಹಾಗೆ ಮಾಡದಿದ್ದರೆ ತಿರುಚಿದ ರಬ್ಬರ್ ತಾನೂ ಒಂದು ಸಣ್ಣ ಸ್ಪ್ರಿಂಗ್ ಆಗಿ ಕಾರನ್ನು ಸ್ವಲ್ಪ ಮೇಲಕ್ಕೆ ಹಿಡಿದಿರುತ್ತದೆ. “ಇನ್ನೂ ಸಾಕಷ್ಟು ಇಳಿದಿಲ್ಲ ಮಗಾ” ಎಂದು ಮಾಲೀಕ ಇನ್ನೂ ಗಿಡ್ಡ ಸ್ಪ್ರಿಂಗ್ ತರಲು ಬೆಂಗಳೂರಿನ ಬಿಡಿಭಾಗಗಳ ಬೀದಿ ಜೆ.ಸಿ. ರಸ್ತೆಗೆ ಹೊರಡುವುದು ಇಲ್ಲೇ.

ಇನ್ನು ಇಕ್ಕಟ್ಟಿನ ವಿಷಯ. ಬೋಲ್ಟನ್ನು ಸರಿಯಾಗಿ ಬಿಗಿಯಲು ಕಾರು ಚಕ್ರದ ಮೇಲೆ ನಿಂತಿರಬೇಕು. ಚಕ್ರದ ಮೇಲೆ ನಿಂತ ಈ ಕಾರಿನ ಕೆಳಗೆ ಬೆಕ್ಕು ಹೋಗಬಹುದು, ಮೆಕ್ಯಾನಿಕ್ ಹೋಗುವುದಿಲ್ಲ. ಮೆಕ್ಯಾನಿಕ್ ಇಳಿದು ನಿಲ್ಲುವ ಗುಂಡಿ ಇರುವ ಗ್ಯಾರೇಜು ಹುಡುಕಿದರೆ ಅದರ ಇಳಿಜಾರಿಗೆ ಮುಂದಿನ ಬಂಪರ್ ತಾಗುತ್ತದೆ. ಎರಡು ಹಲಗೆ ಹಾಸಿ ಹತ್ತಿಸಬೇಕು. ಗುಂಡಿ ಸಿಗದಿದ್ದರೆ ದಾರಿ ಹೀಗೆ: ಆಗಲೇ ತಗ್ಗಿಸಿದ ಕಾರನ್ನು ಎತ್ತುವ ಮೊದಲೇ, ಸಮ ನೆಲದಲ್ಲಿ, ಹಿಂದಿನ ಚಕ್ರದ ನಡುಬಿಂದುವಿನಿಂದ ನೇರ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪಿನಲ್ಲಿ ಅಳೆದು ಬರೆದಿಡಿ. ಮೊಬೈಲಿನಲ್ಲಲ್ಲ, ಮಡ್‌ಗಾರ್ಡ್ ಮೇಲೆ ಅಂಟಿಸಿದ ಮಾಸ್ಕಿಂಗ್ ಟೇಪಿನ ಮೇಲೆ. ಗ್ರೀಸಿನ ಕೈಗೆ ಮೊಬೈಲ್ ಲಾಕ್ ತೆರೆಯುವುದಿಲ್ಲ. ಕೆಲಸ ಮುಗಿದ ಮೇಲೆ ಬೋಲ್ಟನ್ನು ಕೈಬಿಗಿ ಮಾತ್ರ ಹಾಕಿ, ಎರಡೂ ಕಡೆ ಚಕ್ರ ಕೂರುವ ಹಬ್ ಕೆಳಗೆ ಜಾಕಿ ಕೊಟ್ಟು ಬರೆದಿಟ್ಟ ಅಳತೆ ಬರುವವರೆಗೆ ಏರಿಸಿ, ಆಗ ಬಿಗಿ ಅಳೆಯುವ ಟಾರ್ಕ್ ರೆಂಚ್ ಹಿಡಿಯಿರಿ. ಸ್ಪ್ರಿಂಗ್ ಅದರ ಜಾಗದಲ್ಲಿದ್ದರೆ ಆ ಎತ್ತರಕ್ಕೆ ಬರುವಷ್ಟರಲ್ಲಿ ಹಿಂಭಾಗದ ತೂಕವೆಲ್ಲ ಜಾಕಿಗೆ ಬಂದು, ಕಾರನ್ನು ಎತ್ತಿ ನಿಲ್ಲಿಸಿದ್ದ ಸ್ಟ್ಯಾಂಡ್ ಹಗುರಾಗಿರುತ್ತದೆ. ಅಲ್ಲಾಡುವ ಸ್ಟ್ಯಾಂಡಿನ ಕೆಳಗೆ ತಲೆ ಇಡಬೇಡಿ. ಸ್ಪ್ರಿಂಗ್ ತೆಗೆದಿಟ್ಟೇ ಬೀಮ್ ಏರಿಸಿ ಬಿಗಿದು, ಆಮೇಲೆ ಸ್ಪ್ರಿಂಗ್ ಕೂರಿಸುವುದು ಸುರಕ್ಷಿತ. ಕೆಲಸ ಶುರುವಾಗುವ ಮೊದಲು ಮುಂದಿನ ಚಕ್ರಕ್ಕೆ ಕಲ್ಲು ಕೊಡುವುದನ್ನೂ ಮರೆಯಬೇಡಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನು, ಅವೋ ಗಾಳಿಯಲ್ಲಿವೆ.

ಹಳೆಯ ಬುಷ್ ಹೊರತೆಗೆಯಲು ನೆರೆಹೊರೆಯವರೆಲ್ಲರ ಸಲಹೆ ಒಂದೇ: ಸುಟ್ಟುಬಿಡಿ. ಪೆಟ್ರೋಲ್ ಟ್ಯಾಂಕು, ಬ್ರೇಕ್ ಪೈಪು, ಎಬಿಎಸ್ ವೈರು ಎಲ್ಲ ಒಂದು ಗೇಣಿನ ಆಚೆ ಈಚೆ ಇರುವ ಜಾಗವದು. ಬೀದಿಯವರೆಲ್ಲ ಸೇರುವ ಕಾರ್ಯಕ್ರಮ ಬೇಕಿದ್ದರೆ ಬೇರೆ ಮಾಡಿ. ಬುಷ್ ಕೀಳುವ ಸ್ಕ್ರೂ ಪುಲ್ಲರ್ ಬಳಸಿ, ಇಲ್ಲವೇ ರಬ್ಬರನ್ನು ಡ್ರಿಲ್‌ನಿಂದ ಕೊರೆದು ತೆಗೆದು, ಉಳಿದ ಕವಚವನ್ನು ಹ್ಯಾಕ್ಸಾ ಬ್ಲೇಡಿನಿಂದ ಒಂದು ಕಡೆ ಸೀಳಿ ಒಳಕ್ಕೆ ಮಡಚಿ. ಬ್ಲೇಡು ಬೀಮ್‌ಗೆ ಇಳಿಯಬಾರದು. ಎಷ್ಟೋ ಕಡೆ ರಬ್ಬರ್ ಮಾತ್ರ ಕಿತ್ತು, ಕವಚವನ್ನು ಬೀಮ್‌ನದೇ ಭಾಗವೆಂದು ತಿಳಿದು, “ಹೊಸ ಬುಷ್ ಸೈಜ್ ತಪ್ಪು” ಎಂದು ಅಂಗಡಿಯವನೊಡನೆ ಜಗಳ ನಡೆದದ್ದುಂಟು.

ಕೀಳುವ ಮೊದಲು ಬುಷ್‌ನ ದಿಕ್ಕನ್ನು ಬೀಮ್ ಮೇಲೆ ಗುರುತು ಮಾಡಿ. ರಬ್ಬರಿನೊಳಗಿನ ಖಾಲಿ ಜಾಗಗಳು ಚಂದಕ್ಕೆ ಬಿಟ್ಟದ್ದಲ್ಲ. ಖಾಲಿ ಇರುವ ದಿಕ್ಕಿಗೆ ಬುಷ್ ಮೆತ್ತಗೆ, ತುಂಬಿದ ದಿಕ್ಕಿಗೆ ಗಟ್ಟಿ. 90 ಡಿಗ್ರಿ ತಿರುಗಿಸಿ ಕೂರಿಸಿದರೆ ಗುಂಡಿಯ ಪೆಟ್ಟು ನೇರ ಬೆನ್ನುಮೂಳೆಗೆ, ತಿರುವಿನಲ್ಲಿ ಮಾತ್ರ ಹಿಂಭಾಗ ಓಲಾಟ. ಹೊಸ ಬುಷ್ ಒತ್ತುವಾಗ ಒತ್ತಡ ಹೊರಕವಚದ ಅಂಚಿಗೇ ಬೀಳಬೇಕು. ಒಳಕೊಳವೆಯ ಮೇಲೆ ಒತ್ತಿದರೆ ರಬ್ಬರಿನ ಬೆಸುಗೆ ಕಾರು ಹೊರಡುವ ಮೊದಲೇ ಬಿಡುತ್ತದೆ. ಜಾರಲು ಸೋಪಿನ ನೀರು ಸಾಕು. ಎಂಜಿನ್ ಆಯಿಲ್ ಸವರಿದರೆ ರಬ್ಬರ್ ಉಬ್ಬಿ ಕೊಳೆಯುತ್ತದೆ. ಫ್ರೀಜರಿನಲ್ಲಿ ಇಟ್ಟರೆ ಕುಗ್ಗುತ್ತದೆ ಎಂಬ ಮಾತು ನಿಜ: 60 ಮಿ.ಮೀ. ಉಕ್ಕಿನ ಕವಚ 45 ಡಿಗ್ರಿ ತಣಿದರೆ 0.03 ಮಿ.ಮೀ. ಕುಗ್ಗುತ್ತದೆ. ಅಷ್ಟಕ್ಕಾಗಿ ಹಸಿ ಬಟಾಣಿಯ ಪಕ್ಕದಲ್ಲಿ ಬುಷ್ ಇಟ್ಟದ್ದನ್ನು ಮನೆಯಲ್ಲಿ ವಿವರಿಸಬಲ್ಲಿರಾದರೆ ಮಾಡಿ.

ಎಲ್ಲ ಕಾರಿಗೂ ಕೊನೆಯ ಬೋಲ್ಟೇ ಮುಖ್ಯ ಎಂದಲ್ಲ. ವಿದೇಶಗಳಲ್ಲಿ ತಗ್ಗಿಸುವವರ ಅಚ್ಚುಮೆಚ್ಚಾದ ತೊಂಬತ್ತರ ದಶಕದ ಹೋಂಡಾ ಸಿವಿಕ್‌ನಲ್ಲಿ ಹಿಂದಿನ ಚಕ್ರ ಹಿಡಿಯುವ ತೋಳಿನ (ಟ್ರೇಲಿಂಗ್ ಆರ್ಮ್) ಬುಷ್‌ನ ಒಳಭಾಗವೇ ಎರಡು ಬೋಲ್ಟಿನಲ್ಲಿ ಕಾರಿನ ಬಾಡಿಯ ಮೇಲೆ ಕೂರುತ್ತದೆ. ಬೋಲ್ಟ್ ಸಡಿಲಿಸಿದರೂ ಅದು ತಿರುಗಲಾರದು. ಅಲ್ಲಿ ಕೋನ ನಿರ್ಧಾರವಾಗುವುದು ಬುಷ್ ಒತ್ತುವ ಪ್ರೆಸ್ಸಿನಲ್ಲಿ. ಎಷ್ಟು ತಗ್ಗಿಸಿದ್ದೀರೋ ಅದಕ್ಕೆ ತಕ್ಕಷ್ಟು ಡಿಗ್ರಿ ಮೊದಲೇ ತಿರುಗಿಸಿ ಒತ್ತಬೇಕು. ಹಳೆಯ ಗುರುತಿಗೆ ನಿಷ್ಠೆಯಿಂದ ಒತ್ತಿದವನೇ ಅಲ್ಲಿ ಕೆಟ್ಟ.

ರಬ್ಬರಿನ ಬದಲು ಪಾಲಿಯುರೆಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬುಷ್ ಹಾಕಿಬಿಡಿ, ಈ ತಿರುಚಿನ ತಲೆನೋವೇ ಇಲ್ಲ ಎನ್ನುವವರು ಅರ್ಧ ಸರಿ. ಅದು ಕೊಳವೆಗೆ ಬೆಸೆದಿಲ್ಲ, ಸುತ್ತ ತಿರುಗುತ್ತದೆ. ಆದರೆ ಬೀಮ್ ಬರೀ ಮೇಲೆ ಕೆಳಗೆ ಆಡುವುದಿಲ್ಲ, ಒಂದು ಚಕ್ರ ಮಾತ್ರ ಗುಂಡಿಗಿಳಿದಾಗ ಓರೆಯಾಗಿಯೂ ತಿರುಗುತ್ತದೆ. ಗಟ್ಟಿ ಪಾಲಿ ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಸಿಲಿಕೋನ್ ಗ್ರೀಸ್ ಒಣಗಿದ ಮೇಲೆ ಅದು ಮಾಡುವ ಕಿರ್ ಕಿರ್ ಸದ್ದಿಗೆ ಅಪಾರ್ಟ್‌ಮೆಂಟಿನ ಗೇಟಿನವನು ನಿಮ್ಮ ಮುಖ ನೋಡದೆಯೇ ಗೇಟು ತೆಗೆಯುತ್ತಾನೆ.

ಕೂರಿಸುವಾಗ ಇನ್ನೊಂದು ಎಡವಟ್ಟು ಸ್ಪ್ರಿಂಗಿನದು. ಗಿಡ್ಡ ಸ್ಪ್ರಿಂಗ್, ಬೀಮ್ ಜೋತಾಡುವಾಗ ತನ್ನ ಬಟ್ಟಲಿನಲ್ಲಿ ಸಡಿಲವಾಗುತ್ತದೆ. ಇಳಿಸುವ ಮೊದಲು ಅದರ ತುದಿ ಬಟ್ಟಲಿನ ಹಂತಕ್ಕೆ ಕೂತಿದೆಯೇ ಎಂದು ಎರಡೂ ಕಡೆ ಕೈಯಾಡಿಸಿ ನೋಡಿ. ಬಿಗಿ ಎಷ್ಟು ಎಂಬುದಕ್ಕೆ ಸರ್ವಿಸ್ ಮ್ಯಾನುಯಲ್ಲೇ ಗತಿ. ಅದರಲ್ಲಿ ನ್ಯೂಟನ್ ಮೀಟರ್ ಅಂಕಿಯ ಮುಂದೆ ‘ಜೊತೆಗೆ ಇಷ್ಟು ಡಿಗ್ರಿ’ ಎಂದಿದ್ದರೆ ಆ ಬೋಲ್ಟ್ ಸಾಮಾನ್ಯವಾಗಿ ಒಂದೇ ಸಲಕ್ಕೆ. ಹಳೆಯದನ್ನು ಬಿಟ್ಟು ಹೊಸದು ಹಾಕಿ.

ಕೊನೆಗೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಅಳೆದು ಸರಿಪಡಿಸುವುದು. “ಈ ಗಾಡೀಲಿ ಹಿಂದುಗಡೆ ಅಡ್ಜಸ್ಟ್‌ಮೆಂಟೇ ಇಲ್ಲ ಸಾರ್” ಎಂದು ಅಲೈನ್‌ಮೆಂಟಿನವರು ಮುಂದಿನ ಎರಡು ಚಕ್ರಕ್ಕೇ ಮುಗಿಸಲು ನೋಡುತ್ತಾರೆ. ಅಡ್ಜಸ್ಟ್‌ಮೆಂಟ್ ಇಲ್ಲದಿರುವುದು ನಿಜ. ಆದರೂ ನಾಲ್ಕೂ ಚಕ್ರದ ಪ್ರಿಂಟ್ ಕೇಳಿ ಪಡೆಯಿರಿ. ಹಿಂದಿನ ಎಡ-ಬಲ ಟೋ (ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ) ಅಂಕಿಗಳು ಒಂದಕ್ಕೊಂದು ದೂರವಿದ್ದರೆ, ಬೀಮ್ ಬಗ್ಗಿರಬಹುದು ಅಥವಾ ಒಂದು ಬುಷ್ ಓರೆಯಾಗಿ ಕೂತಿರಬಹುದು. ಹೆಚ್ಚಿನ ಸಲ ಅದು ಕೊನೆಗೆ ಹಾಕಿದ್ದು, ಕತ್ತಲಾದ ಮೇಲೆ ಹಾಕಿದ್ದು.